ಮೂರನೆಯ ದಿನದ ಕೆಲಸ

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಬಲಿಯತೊಡಗಿದರೆ ಕೊಪ್ಪಳದ ಪಕ್ಕದ ಭಾಗ್ಯನಗರದ ಆ ಶೆಡ್ಡಿನಲ್ಲಿ ಫ್ಯಾನುಗಳ ರೆಕ್ಕೆಗೆ ಹಗ್ಗ ಬಿಗಿಯುತ್ತಾರೆ. ಸೆಕೆ ತಾಳಲಾರದೆ ಯಾರಾದರೂ ಗುಂಡಿ ಒತ್ತಿಬಿಟ್ಟರೆ ಅರ್ಧ ದಿನದ ಕೆಲಸವೆಲ್ಲ ಗಾಳಿಗೆ ಎದ್ದು ಗೋಡೆಗೆ, ಬೆವರಿದ ಕುತ್ತಿಗೆಗೆ, ನೀರಿನ ಕೊಡದ ಬಾಯಿಗೆ ಹತ್ತಿಕೊಳ್ಳುತ್ತದೆ. ತಗಡಿನ ಮಾಡಿನ ಕೆಳಗೆ ಹೆಂಗಸರು ಸಾಲಾಗಿ ಕಾಲು ಚಾಚಿ ಕೂತು, ಮೂಟೆಯಿಂದ ಸುರುವಿದ ಉದುರು ಕೂದಲಿನ ಉಂಡೆಗಳನ್ನು ಸೂಜಿಯ ಮೊನೆಯಿಂದ ಕೆದಕಿ, ಸಿಕ್ಕು ಬಿಡಿಸಿ, ಎಳೆ ಎಳೆಯಾಗಿ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬಾಚಣಿಗೆಗೆ ಬಂದದ್ದನ್ನು ಹೆಂಗಸರು ಗೋಡೆಯ ಸಂದಿಗೆ ತುರುಕಿಟ್ಟು, ಸ್ಟೀಲಿನ ಬಟ್ಟಲಿಗೋ ಪಿನ್ನಿನ ಪಟ್ಟಿಗೋ ಬದಲಾಗಿ ಸೈಕಲ್ಲಿನವನ ಚೀಲಕ್ಕೆ ಹಾಕಿದ ಕೂದಲು ಅದು. ಕೊಬ್ಬರಿಎಣ್ಣೆ, ಧೂಳು, ಹೇನಿನ ಔಷಧ, ಹುಳ ಬೀಳದಂತೆ ಮೂಟೆಯಲ್ಲಿಡುವ ಡಾಂಬರು ಗುಳಿಗೆ, ಎಲ್ಲ ಕೂಡಿದ ಒಂದು ವಾಸನೆ ಶೆಡ್ಡಿನಲ್ಲಿ ಸದಾ ನಿಂತಿರುತ್ತಿತ್ತು. ಹೊಸಬರು ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾಹೀದಾಳಿಗೆ ಅದು ರಜೆಯ ಮರುದಿನ ಮಾತ್ರ, ಬಾಗಿಲು ದಾಟುವ ಒಂದು ಗಳಿಗೆ ಬಡಿದು, ಮತ್ತೆ ಇಲ್ಲವಾಗುತ್ತಿತ್ತು.

ಸಾಲುಗಳ ನಡುವೆ ಅವಳು ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಕಟ್ಟಿಟ್ಟ ಒಂದೊಂದು ಕಂತೆಯಿಂದಲೂ ಒಂದೆಳೆ ಜಗ್ಗಿ ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯುವುದು ಅವಳ ಕೆಲಸ. ಹೊಸೆದರೆ ಕೂದಲು ತಾನಾಗಿ ಸರಿಯುತ್ತದೆ, ಯಾವಾಗಲೂ ಬುಡದ ಕಡೆಗೇ. ಕಂತೆಯ ಎಲ್ಲ ಎಳೆಯ ಬುಡವೂ ಒಂದೇ ಮಗ್ಗುಲಿಗೆ ಇರಬೇಕು. ಹತ್ತೆಂಟು ಎಳೆ ತಲೆಕೆಳಗಾಗಿದ್ದರೂ ಎಲ್ಲೋ ದೂರದ ದೇಶದಲ್ಲಿ ಅದನ್ನು ತೊಟ್ಟ ಹೆಂಗಸಿನ ತಲೆಯ ಮೇಲೆ ಸಿಕ್ಕು ಬೀಳುತ್ತದೆ, ಮಾಲು ತಿರುಗಿ ಬರುತ್ತದೆ. ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ನಡುಗಿತು. ತಂಗಿಯ ಮಗಳು ಉಜ್ಮಾಳ ಸಂದೇಶ: 'ಖಾಲಾ, ಕೆಲಸ ಮಾಡೂಮುಂದಿನ ಒಂದು ಫೋಟೋ ಕಳಿಸ್ರಿ. ಸೆರಗು ತಲಿಮ್ಯಾಲ ಇರಲಿ, ಆದ್ರ ಹಣಿ ಕಾಣಬೇಕು. ನಗ್ರಿ.' ನಾಹೀದಾ ಅದನ್ನು ಎರಡು ಸಲ ಓದಿದಳು. ನಗ್ರಿ ಎಂಬುದು ಅವಳಿಗೆ ಒಂದು ಹೊಸ ಕೆಲಸದ ಹಾಗೆ ಕಂಡಿತು.

"ಯಾರದವ್ವಾ ಅದು, ಫೋನಿನ್ಯಾಗ ಮುಖ ಹೂತಿಟ್ಟಿಯಲ್ಲ," ಎಂದಳು ಶೇಖರಮ್ಮ. ಶೆಡ್ಡು ತೆರೆದ ದಿನದಿಂದ ಅದೇ ಕಂಬಕ್ಕೆ ಒರಗಿ ಕೂತವಳು, ಯಾರಿಗೂ ಹೆದರದವಳು. "ನೌಕರಿ ಆತೇನು?"

"ಇನ್ನಾ ಫೋಟೋನೇ ಆಗಿಲ್ಲ ತಗೋ. ಒಂದು ಫೋಟೋ ಹೊಡಿ, ಬಾ."

"ನಂದೂ ಹಾಕಂತ ಹೇಳ ನಿನ್ನ ಹುಡುಗಿಗೆ. ಶೇಖರಮ್ಮ, ಫಾರಿನ್ ಹೆಂಗಸರಿಗೆಲ್ಲ ಯಲಬುರ್ಗಾದ ಹೇನ ಹೊರಿಸಿದಾಕಿ ಅಂತ ಬರಿ ಅನ್ನು." ಸಾಲಿನಲ್ಲಿ ನಗೆ ಎದ್ದಿತು. ನಗುತ್ತ ಮೇಲೆದ್ದ ಉಸಿರಿಗೆ ಕೂದಲು ಹಾರೀತೆಂದು ಒಬ್ಬಿಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಆ ನಗುವಿನಲ್ಲಿಯೇ ಶೇಖರಮ್ಮ ಫೋನನ್ನು ಎರಡೂ ಕೈಯಲ್ಲಿ ತಟ್ಟೆಯ ಹಾಗೆ ಹಿಡಿದು ಫೋಟೋ ತೆಗೆದಳು. ಅದರಲ್ಲಿ ನಾಹೀದಾ ಕಂತೆ ಹಿಡಿದು ನಿಂತಿದ್ದಳು. ಹಣೆ ಕಂಡಿತ್ತು, ನಗು ಬಂದಿರಲಿಲ್ಲ.

ಯುಗಾದಿಗೆ ಶೆಡ್ಡು ಮುಚ್ಚುತ್ತದೆಂದು ಸಾವುಕಾರ ಗುರುಬಸವ ಎಲ್ಲರನ್ನೂ ಕೂಡಿಸಿ ಹೇಳಿ ತಿಂಗಳಾಗಿತ್ತು. ಮಾಲು ಹೋಗುತ್ತಿಲ್ಲ, ಹೋದದ್ದರ ದುಡ್ಡು ಬರುತ್ತಿಲ್ಲ. ಬಿಡಿಸುವ ಹೆಂಗಸರು ಹೇಗೋ ಬೇರೆ ಶೆಡ್ಡು ಹುಡುಕಿಕೊಂಡಾರು. ಆದರೆ ಮೇಲ್ವಿಚಾರಣೆಯ ಕೆಲಸವನ್ನು ಯಾರೂ ಹೊರಗಿನವಳಿಗೆ ಕೊಡುವುದಿಲ್ಲ. ನಾಹೀದಾ ಮತ್ತೆ ಸಾಲಿನಲ್ಲಿ ಕಾಲು ಚಾಚಿ ಕೂರಬೇಕಾಗುತ್ತಿತ್ತು, ಅದರ ಕೂಲಿಯಲ್ಲಿ ಉಜ್ಮಾಳ ಪಿಯುಸಿ ಮುಗಿದೀತೇ ಹೊರತು ಮುಂದಿನ ನರ್ಸಿಂಗ್ ಆಗುವಂತಿರಲಿಲ್ಲ. ಅಷ್ಟರಲ್ಲಿ ಹೈದರಾಬಾದಿನ ಒಂದು ಕಂಪನಿ ಕೊಪ್ಪಳದಲ್ಲಿ ಹೊಸ ಕಾರ್ಖಾನೆ ಹಾಕುತ್ತದೆಂದು ಅದರ ಮೇಡಂ ಒಬ್ಬಳು ಬಂದು ನೋಡಿಹೋದಳು. ನಾಹೀದಾ ಕಂತೆ ಹೊಸೆದು ನೋಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಹೆಸರು ಕೇಳಿ, ಫೋನು ತೆಗೆದು ಏನನ್ನೋ ಹುಡುಕಿ, "ನೀವಿದರಲ್ಲಿ ಇಲ್ಲವಲ್ಲ," ಎಂದಿದ್ದಳು. ತಾನು ಮುಂದೆಯೇ ನಿಂತಿದ್ದರೂ ಇಲ್ಲವೆಂದಳಲ್ಲ ಎಂದು ಅರ್ಥವಾಗದೆ ನಾಹೀದಾ ತನ್ನ ಕೈಯನ್ನು ತಾನೇ ನೋಡಿಕೊಂಡಿದ್ದಳು. ಕೆಲಸ ಮಾಡುವವರು ತಮ್ಮ ಹೆಸರು, ಕೆಲಸ, ಓದು ಎಲ್ಲ ಬರೆದಿಡುವ ಒಂದು ಜಾಗ ಫೋನಿನಲ್ಲಿದೆ, ಅಲ್ಲಿ ಬರೆದುಹಾಕಿ, ನಾನು ಮೇಲಿನವರಿಗೆ ತೋರಿಸುತ್ತೇನೆ ಎಂದು ಮೇಡಂ ಹೇಳಿಹೋದ ಮೇಲೆ ಉಜ್ಮಾ ಅಲ್ಲಿ ನಾಹೀದಾಳ ಹೆಸರಿನಲ್ಲಿ ಒಂದು ಪುಟ ತೆರೆದಿದ್ದಳು. ನಾಲ್ಕು ದಿನದಿಂದ ಮನೆಯಲ್ಲಿ ಅದೇ ಮಾತು. ಹೆಸರಿನ ಕೆಳಗೆ ಏನು ಬರೆಯಬೇಕು? "ಕೂದಲ ಬಿಡಸಾಕಿ ಅಂತ ಬರಿ," ಎಂದರೆ ಉಜ್ಮಾ, "ಹಂಗ ಬರದ್ರ ಯಾರ ನೋಡ್ತಾರ ಖಾಲಾ," ಎಂದು ಇಂಗ್ಲಿಷಿನಲ್ಲಿ ಉದ್ದನೆಯದೇನನ್ನೋ ಬರೆದಿದ್ದಳು. ಅದನ್ನವಳು ಓದಿ ಹೇಳಿದಾಗ ನಾಹೀದಾಳಿಗೆ ಬೇರೆ ಯಾರದೋ ಮದುವೆಗೆ ಬೇರೆ ಯಾರದೋ ಸೀರೆ ಉಟ್ಟು ನಿಂತ ಹಾಗಾಗಿತ್ತು. ಓದು ಎಂಬಲ್ಲಿ ತಾವರಗೇರಾದ ಸಾಲೆಯ ಏಳನೇ ತರಗತಿ. "ಹತ್ತನೇ ಕ್ಲಾಸ ಅಂತ ಹಾಕ್ಲೇನು? ಯಾರೂ ಕೇಳಂಗಿಲ್ಲ." "ಬ್ಯಾಡ ಬೇಟಾ. ಸುಳ್ಳು ಹಾಕಬಾರದು." ಹಾಗೆಂದದ್ದು ತನ್ನದೇ ಬಾಯಿ ಎಂಬುದು ನಾಹೀದಾಳಿಗೆ ಆಮೇಲೆ, ರೊಟ್ಟಿ ಬಡಿಯುವಾಗ, ನೆನಪಾಗಿ ಕೈ ನಿಂತಿತ್ತು.

ಊಟದ ಹೊತ್ತಿಗೆ ಗುರುಬಸವ ಒಳಗೆ ಬಂದ. ಕೆಟ್ಟವನಲ್ಲ, ಹೆಂಗಸರ ಎದುರು ದನಿ ಏರಿಸಿದವನಲ್ಲ. ಈಚೆಗೆ ಶೆಡ್ಡಿನಲ್ಲಿ ನಡೆಯುವಾಗ, ಮಾರಿದ ಮನೆಯಲ್ಲಿ ನಡೆಯುವವನ ಹಾಗೆ ಗೋಡೆ ಮುಟ್ಟಿ ಮುಟ್ಟಿ ನಡೆಯುತ್ತಿದ್ದ.

"ನಾಹೀದಾ, ನಿನ್ನ ಆ ಫೋನಿನ ಇದರಾಗ ನಾನೂ ನಾಕ ಮಾತು ಬರಸೀನಿ ನೋಡು. ನಿಮ್ಮ ಹುಡುಗಿ ನಮ್ಮ ಶಿವಲೀಲಾಗ ಕೇಳಿದ್ಲಂತ, ಅಪ್ಪಾರ ಕಡಿಂದ ಬರಸಿ ಕೊಡ್ರಿ ಅಂತ. ಮಗಳು ಇಂಗ್ಲಿಷಿನ್ಯಾಗ ಛಲೋ ಹಾಕ್ಯಾಳ."

"ಏನಂತ ಬರಸೀರಿ ಸಾವ್ಕಾರ್ರ?"

"ಇದ್ದದ್ದು ಬರಸೀನಿ, ಸುಳ್ಳ ಯಾಕ ಬರಸಲಿ? ಆವತ್ತಿಂದು. ನಾ ಅದನ್ನ ಮರತಿಲ್ಲವಾ. ನಮ್ಮ ಮನ್ಯಾಗೂ ಹೇಳ್ತಿರ್ತೀನಿ." ಅವನು ಹೊರಡುತ್ತ ತಿರುಗಿ, "ನೀ ಹ್ಞೂಂ ಅಂದ್ರ ಎಲ್ಲಾರಿಗೂ ಕಾಣತೈತಂತ. ಇಲ್ಲಂದ್ರ ಇಲ್ಲ," ಎಂದ.

ಆವತ್ತಿಂದು ಎಂದರೆ ಯಾವತ್ತಿನದೆಂದು ಅವಳು ಕೇಳಲಿಲ್ಲ. ಬುತ್ತಿಯ ಗಂಟು ಬಿಚ್ಚಿದವಳು ಹಾಗೆಯೇ ಕಟ್ಟಿದಳು. ಬಾಗಿಲಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು; ಆವತ್ತೂ ಹೀಗೆಯೇ, ರಂಜಾನಿನ ಹಿಂದಿನ ಶಾಬಾನ್ ತಿಂಗಳ ಬಿಸಿಲು, ತಾವರಗೇರಾದ ತವರುಮನೆಯ ಹಿತ್ತಲಲ್ಲಿ ನಾಲ್ಕು ಸೀರೆ ಅಡ್ಡ ಕಟ್ಟಿ, ಹಲಗೆಯ ಮೇಲೆ ಜರೀನಾಳನ್ನು ಮಲಗಿಸಿದ್ದರು. ತಂಗಿ ಹೊಟ್ಟೆನೋವೆಂದು ಮಲಗಿ ಹಾಸಿಗೆ ಬಿಟ್ಟೇಳದೆ ಐದಾರು ತಿಂಗಳಿಗೆ ಹೋಗಿದ್ದಳು. ಜರೀನಾಳ ಗಂಡ ಮಣ್ಣಿಗೆ ಬಂದು ಮಣ್ಣು ಮುಗಿಸಿ ಹೋದವನು, ಆಮೇಲೆ ಬೇರೆ ಮದುವೆಯಾದ; ಮಗಳು ಉಜ್ಮಾ ನಾಹೀದಾಳ ಬಳಿ ಉಳಿದಳು. ಸತ್ತವಳ ಮೈ ತೊಳೆದು ನೀರು ಕೊಡಲು ಊರಿನ ಸರ್ದಾರಬೀ ಬಂದಿದ್ದಳು. ನಾಹೀದಾ ತಂಬಿಗೆ ಹಿಡಿದಿದ್ದಳು. ತಾಯಿ ತಾಜಬೀ ಗೋಡೆಗೊರಗಿ ಕೂತಿದ್ದಳು. ಸೀರೆಯ ಆಚೆಗೆ ಎಂಟನೇ ತರಗತಿಯ ಉಜ್ಮಾಳ ಎರಡು ಬರಿಗಾಲು ಕಾಣುತ್ತಿದ್ದವು, ಒಂದರ ಮೇಲೊಂದು ಇಟ್ಟು ನಿಂತದ್ದು. ಎಲ್ಲ ಆಗಿ, ಕಡೆಯ ನೀರಿಗೆ ಕರ್ಪೂರ ಹಾಕಿ, ಇನ್ನು ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ಹಾಕಬೇಕು. ಜರೀನಾಳ ಕೂದಲು ತೊಡೆ ಮುಟ್ಟುವಂಥದು. ತಿಂಗಳಾನುಗಟ್ಟಲೆ ದಿಂಬಿಗೆ ಉಜ್ಜಿ ಉಜ್ಜಿ ಹಿಂದೆಲ್ಲ ಗಂಟುಗಟ್ಟಿತ್ತು. "ಬಾಚಬ್ಯಾಡ. ಸತ್ತವರಿಗೆ ನೋಯತೈತಿ. ಹಂಗ ಎರಡು ಮಾಡು," ಎಂದಿದ್ದಳು ಸರ್ದಾರಬೀ. ಬಾಚಲಿಲ್ಲ. ಆದರೆ ಗಂಟು ಕಂಡ ಕೂಡಲೇ ನಾಹೀದಾಳ ಬೆರಳು ತಾವಾಗಿಯೇ ನಡೆದಿದ್ದವು. ಅಂಚಿನಿಂದ ಹಿಡಿದು, ಉಗುರಿನಿಂದ ಕೆದಕಿ, ಒಂದೊಂದೇ ಎಳೆ. ಕಣ್ಣಲ್ಲಿ ನೀರಿತ್ತು, ಬೆರಳಿಗೆ ಅದರ ಸುದ್ದಿ ಇರಲಿಲ್ಲ. ಉದ್ದನೆಯದು, ಒಂದೇ ತಲೆಯದು, ಬಣ್ಣ ಹಚ್ಚದ್ದು, ಬುಡ ಗಟ್ಟಿ ಎಂದು ಒಳಗೆ ಯಾರೋ ದರ ಕಟ್ಟುತ್ತಿದ್ದರು. ಅದು ತಾನೇ ಎಂದು ತಿಳಿದದ್ದು ಆಮೇಲೆ. "ಸಾಕು ಬಿಡವಾ," ಎಂದು ಸರ್ದಾರಬೀ ಮೊಣಕೈ ಹಿಡಿದಾಗ ಕೈಯಲ್ಲಿ ಕಿತ್ತುಬಂದದ್ದು ಒಂದು ಹಿಡಿ ಇತ್ತು. "ಅದನ್ನ ಕಫನಿನ ಬಟ್ಟಿಯೊಳಗ ಇಡು. ಅಕೀ ಮೈಯಿಂದು ಅಕೀ ಜತೀಗೆ ಹೋಗಬೇಕು." ಹ್ಞೂಂ ಎಂದಳು. ಹ್ಞೂಂ ಎನ್ನುತ್ತಲೇ, ಶೆಡ್ಡಿನಲ್ಲಿ ದಿನಕ್ಕೆ ನೂರು ಸಲ ಮಾಡುವ ಹಾಗೆ, ಅದನ್ನು ಎರಡು ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಜನಾಜಾ ಎತ್ತುವ ಗದ್ದಲ, ಉಜ್ಮಾ ಬಾಗಿಲಿನ ಚೌಕಟ್ಟು ಬಿಡದೆ ಹಿಡಿದದ್ದು, ಒದ್ದೆಯಾದ ಸೀರೆ ಬಿಚ್ಚಿ ಹಿತ್ತಲಲ್ಲಿ ಎಸೆದದ್ದು.

ನೆನಪಾದದ್ದು ಮರುದಿನ ಮಧ್ಯಾಹ್ನ, ಅನ್ನದ ಮೊದಲ ತುತ್ತಿಗೆ. ಓಡಿ ಹಿತ್ತಲಿಗೆ ಹೋದರೆ ಸೀರೆ ಒಣಗಿ ತಂತಿಯ ಮೇಲಿತ್ತು. "ಅಮ್ಮಾ, ಇದರಾಗೊಂದು ಸುರುಳಿ ಇತ್ತಲ್ಲ?" ತಾಜಬೀಯ ಕಣ್ಣು ಅತ್ತು ಅತ್ತು ಬಾತಿದ್ದವು. "ಇತ್ತವ್ವಾ. ಉದ್ದಂದು, ಛಲೋದಿತ್ತು. ನಿನ್ನ ಕೆಲಸದ್ದು ಉದುರೈತಿ ಅಂದು ನಮ್ಮ ಚೀಲದಾಗ ಹಾಕಿದೆ. ಮುಂಜಾನೆ ಗಾಡಿ ಬಂದು ಒಯ್ತು." ತಾಯಿಯೂ ಮನೆಯಲ್ಲೇ ಕೂತು ಗುರುಬಸವನ ಶೆಡ್ಡಿನ ಕೂದಲನ್ನೇ ಬಿಡಿಸುತ್ತಿದ್ದಳು. ಮಗಳ ಕೂದಲು ಮಗಳದೆಂದು ಗೊತ್ತಾಗದೆ ತನ್ನ ಕೈಯಾರೆ ಚೀಲದ ಬಾಯಿ ಕಟ್ಟಿದ್ದಳು. ಅದನ್ನು ಹೇಗೆ ಹೇಳುವುದು? ತಾಜಬೀ ತನ್ನ ತಲೆಯ ಒಂದೆಳೆಯನ್ನೂ ಎಂದೂ ಚೀಲಕ್ಕೆ ಹಾಕಿದವಳಲ್ಲ. ಬಾಚಣಿಗೆಯದನ್ನು ಬಿಸ್ಮಿಲ್ಲಾ ಎಂದು ಕರಿಬೇವಿನ ಗಿಡದ ಬುಡದಲ್ಲಿ ಹೂಳುತ್ತಿದ್ದಳು, ಮಕ್ಕಳಿಗೂ ಅದನ್ನೇ ಕಲಿಸಿದ್ದಳು. ಮೈಯಿಂದ ಬಂದದ್ದಕ್ಕೆ ಮಣ್ಣು ಕೊಡಬೇಕು, ಇಲ್ಲದಿದ್ದರೆ ಅದು ಸಾಲವಾಗಿ ಉಳಿಯುತ್ತದೆ ಎನ್ನುತ್ತಿದ್ದಳು. ಊರವರ ಕೂದಲು ಊರವರ ಸಾಲ, ಅದು ಹೊಟ್ಟೆಪಾಡು.

"ಏನವ್ವಾ, ಉಣ್ಣಲಿಲ್ಲೇನು?" ಶೇಖರಮ್ಮನ ದನಿ. ಸಾಲುಗಳಲ್ಲಿ ಮತ್ತೆ ಸೂಜಿಗಳು ಆಡತೊಡಗಿದ್ದವು.

ಸಂಜೆ ಮನೆಗೆ ಬಂದಾಗ ಉಜ್ಮಾ ಹೊಸ್ತಿಲ ಮೇಲೆ ಕೂತಿದ್ದಳು, ಫೋನಿನ ಬೆಳಕು ಗದ್ದಕ್ಕೆ ಬಿದ್ದಿತ್ತು. ತಾಯಿಯದೇ ಗದ್ದ. ಕೂದಲೂ ತಾಯಿಯದೇ, ಅದನ್ನು ಎರಡು ಜಡೆ ಹಾಕಿ ಮಡಚಿ ಕಟ್ಟುತ್ತಿದ್ದಳು, ಬಿಟ್ಟರೆ ಕಾಲೇಜಿನ ಹುಡುಗಿಯರು ಎಷ್ಟಕ್ಕೆ ಮಾರ್ತಿ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ನಾಹೀದಾಳ ಗಂಡ ರಫೀಕ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಶುಕ್ರವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ಇವರಿಬ್ಬರೇ.

"ಬರ್ರಿ ಖಾಲಾ, ಕುಂದರ್ರಿ. ಇವತ್ತು ಮುಗಿಸಿಬಿಡೂಣು. ನಿಮಗ ಏನೇನು ಬರತೈತಿ ಹೇಳ್ರಿ."

"ಏನು ಬರತೈತಿ ಅಂದ್ರ?"

"ಕೌಶಲ್ಯ. ಇಲ್ಲಿ ಒಂದು ಪಟ್ಟಿ ಐತಿ. ನಾಲ್ಕು ಮಂದಿ ಜತಿ ಕೂಡಿ ಕೆಲಸ ಮಾಡೂದು, ಅದು ಐತಿ. ಮಂದೀನ ನಡೆಸೂದು, ಐತಿ. ಹೊತ್ತಿಗೆ ಸರಿಯಾಗಿ ಮುಗಿಸೂದು."

"ಕೂದಲ ಹೊಸದ್ರ ಬುಡ ಯಾವುದು ತುದಿ ಯಾವುದು ತಿಳಿತೈತಿ."

ಉಜ್ಮಾ ಬೆರಳಿನಿಂದ ಹುಡುಕಿದಳು. "ಅದು ಪಟ್ಟಿಯೊಳಗ ಇಲ್ಲ," ಎಂದಳು. ಆಮೇಲೆ ಅವಳ ಮುಖ ಬೆಳಗಿತು. "ಖಾಲಾ, ಇಲ್ಲಿ ಸಮಾಜಸೇವಾ ಅಂತ ಐತಿ. ನೀವು ಮಯ್ಯತ್ತಿಗೆ ನೀರು ಕೊಡಾಕ ಹೋಗ್ತೀರಲ್ಲ, ಅದನ್ನ ಹಾಕೂಣು? ಪುಕ್ಕಟ ಮಾಡ್ತೀರಿ. ಯಾರೂ ಹೋಗಂಗಿಲ್ಲ, ನೀವು ಹೋಗ್ತೀರಿ."

ನಾಲ್ಕು ವರ್ಷದಿಂದ, ಆ ಓಣಿಯಲ್ಲಿ ಯಾವ ಹೆಂಗಸು ತೀರಿದರೂ ನಾಹೀದಾ ಕರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದಳು. ನೀರು ಬೇರೆಯವರು ಹಾಕಲಿ, ಕೂದಲಿನ ಹತ್ತಿರ ತಾನೇ ಇರಬೇಕು. ಹಲಗೆಯ ಮೇಲೆ, ನೆಲದ ಮೇಲೆ, ನೀರು ಹರಿದುಹೋಗುವ ತೂತಿನ ಬಾಯಲ್ಲಿ ಬಿದ್ದ ಒಂದೊಂದು ಎಳೆಯನ್ನೂ ಆರಿಸಿ ಕಫನಿನೊಳಗೆ ಇಡುತ್ತಿದ್ದಳು. ಸತ್ತವರ ಮನೆಯವರು ಕೈಮುಗಿದು, ಎಂಥಾ ಪುಣ್ಯದ ಜೀವ ಎನ್ನುತ್ತಿದ್ದರು. ಪ್ರತಿ ಸಲವೂ ಮನೆಗೆ ಬಂದು ಬಚ್ಚಲಲ್ಲಿ ಸೀರೆ ಬಿಚ್ಚಿ ಮೂರು ನಾಲ್ಕು ಸಲ ಜಾಡಿಸಿ ನೋಡುತ್ತಿದ್ದಳು. ಒಬ್ಬರಿಗೆ ಕೊಡಬೇಕಾದದ್ದನ್ನು ಹತ್ತು ಮಂದಿಗೆ ಕೊಟ್ಟರೂ ಆ ಒಬ್ಬರಿಗೆ ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಅದು ಬ್ಯಾಡ."

"ಯಾಕ? ಓದಿದವರಿಗೆ ಛಲೋ ಅನಸ್ತೈತಿ."

"ಕೂದಲಿನ ಕಂಪನಿ ಅದು, ಹುಚ್ಚಿ. ಹೆಣ ತೊಳಿತಾಳ ಅಂತ ಓದಿದ್ರ ಏನ ತಿಳಕೊಂಡಾರು? ಮೊದಲ ಮಂದಿ ಅಂತಾರ, ಇದೆಲ್ಲ ಸುಡಗಾಡದ ಕೂದಲು ಅಂತ."

ಉಜ್ಮಾ ನಕ್ಕಳು. "ಖರೇನ ಬಿಡ್ರಿ," ಎಂದು ಅಳಿಸಿದಳು. ಆ ನಗು ನಿಲ್ಲುವ ತನಕ ನಾಹೀದಾ ಒಲೆಯ ಮೇಲಿನ ಚಹಾ ನೋಡುತ್ತ ನಿಂತಳು. "ಸೂಪರ್‌ವೈಸರ್ ಯಾವಾಗ ಆದ್ರಿ? ತಿಂಗಳು, ವರ್ಷ ಎರಡೂ ಕೇಳತೈತಿ." "ನೆನಪಿಲ್ಲ." "ಅಂದಾಜು ಹೇಳ್ರಿ." "ಹಾಕು ಯಾವುದಾರ. ದೀಪಾವಳಿ ಮುಂದ." ಚಹಾ ಉಕ್ಕಿತು.

ಅವಳು ಒಲೆ ಒರೆಸುತ್ತಿರುವಾಗ ಹಿಂದಿನಿಂದ ಉಜ್ಮಾಳ ದನಿ ಬಂತು: "ಸಾವ್ಕಾರ್ರು ಬರದಾರ ನೋಡ್ರಿ. ಎಷ್ಟ ಉದ್ದ ಬರದಾರ." ಸಂತೋಷದ ದನಿ. ಮೊದಲು ಇಂಗ್ಲಿಷಿನಲ್ಲಿ ತಾನೇ ಗುನುಗಿಕೊಂಡಳು, ಆಮೇಲೆ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳತೊಡಗಿದಳು. ನಾಹೀದಾ ನನ್ನ ಬಳಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಪ್ರಾಮಾಣಿಕಳು. ಅವಳ ಕೈಗೆ ಬಂದ ಮಾಲು ತಿರುಗಿ ಬಂದದ್ದಿಲ್ಲ. ಕೆಲಸದ ಮೇಲೆ ಅವಳಿಗಿರುವ ನಿಷ್ಠೆಗೆ ಒಂದೇ ಮಾತು ಹೇಳಿದರೆ ಸಾಕು. ಅವಳ ಒಡಹುಟ್ಟಿದ ತಂಗಿ ತೀರಿಕೊಂಡ ಮೂರನೆಯ ದಿನವೇ... ಅಲ್ಲಿಗೆ ಕನ್ನಡ ನಿಂತಿತು. ಒಲೆಯ ಮೇಲೆ ಹಸಿಬಟ್ಟೆಯಿಂದ ಆವಿ ಏಳುತ್ತಿತ್ತು. ತಿರುಗಿ ನೋಡದೆಯೂ ನಾಹೀದಾಳಿಗೆ ಹುಡುಗಿಯ ಕಣ್ಣು ಮುಂದಿನ ಸಾಲುಗಳನ್ನು ಓದಿ ಮುಗಿಸಿ ಮತ್ತೆ ಮೊದಲಿಗೆ ಬಂದದ್ದು ತಿಳಿಯಿತು.

ಮೂರನೆಯ ದಿನ. ಜಿಯಾರತ್ತಿನ ದಿನ. ಮನೆಯವರೆಲ್ಲ ಕೂತು ಸತ್ತವರ ಹೆಸರಿನಲ್ಲಿ ಓದಿಸಿ, ಗೋರಿಗೆ ಹೂ ಹಾಕಿಸುವ ದಿನ. ನಸುಕಿನಲ್ಲೆದ್ದು, ದರ್ಗಾಕ್ಕೆ ಹೋಗಿ ಬರುತ್ತೇನೆ, ಅವಳಿಗೊಂದು ಹರಕೆ ಇತ್ತು ಎಂದು ತಾಯಿಗೆ ಹೇಳಿ, ಬಾಗಿಲಲ್ಲಿ ಕಾಲು ಹಿಡಿದ ಉಜ್ಮಾಳಿಗೂ ಅದನ್ನೇ ಹೇಳಿ, ಮೊದಲ ಬಸ್ಸು ಹತ್ತಿ ಕುಷ್ಟಗಿಗೆ, ಅಲ್ಲಿಂದ ಕೊಪ್ಪಳಕ್ಕೆ, ಅಲ್ಲಿಂದ ಶೆಡ್ಡಿಗೆ. ತಾವರಗೇರಾದ ಚೀಲವನ್ನು ಆಗಲೇ ಸುರುವಿದ್ದರು. ಯಾರ ಮುಖವನ್ನೂ ನೋಡದೆ ರಾಶಿಯ ಮುಂದೆ ಕೂತು, ಉದ್ದನೆಯ ಸುರುಳಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಹೊಸೆದಳು, ಮೂಸಿದಳು. ಎಲ್ಲಕ್ಕೂ ಡಾಂಬರು ಗುಳಿಗೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ಒಂದು ಸುರುಳಿಯಲ್ಲಿ ಆ ವಾಸನೆಯ ಕೆಳಗೆ ತೆಳ್ಳಗೆ, ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ, ಕರ್ಪೂರ. ಬೆರಳು ನಿಂತವು. ಅದೇ. ಸುರುಳಿಯನ್ನು ಮುಷ್ಟಿಯಲ್ಲಿ ಹಿಡಿದು ಎದೆಗೊತ್ತಿಕೊಂಡದ್ದು ನೆನಪಿದೆ. ಆಗಲೇ ಗುರುಬಸವ ಹಿಂದೆ ಬಂದು ನಿಂತಿದ್ದ. "ನೋಡ್ರಿ ಎಲ್ಲಾರೂ. ಒಡಹುಟ್ಟಿದಾಕಿ ಮಣ್ಣು ಇನ್ನಾ ಆರಿಲ್ಲ, ಬಂದು ಕುಂತಾಳ. ಜ್ವರ ಬಂತು, ನೆಂಟ್ರು ಬಂದ್ರು ಅಂತ ನೀವು ಮನ್ಯಾಗ ಕುಂದ್ರತೀರಿ. ಇಕೀನ ನೋಡಿ ಕಲೀರಿ." ಸಾಲು ಸಾಲು ಕಣ್ಣುಗಳೆಲ್ಲ ಅವಳ ಮೇಲೆ, ಅವಳ ಮುಷ್ಟಿಯ ಮೇಲೆ.

ಇದು ನನ್ನ ತಂಗೀದು ಸಾವ್ಕಾರ್ರ ಎಂದರೆ ಆಗುತ್ತಿತ್ತು. ಅವನು ಕೊಡುತ್ತಿದ್ದ, ಬಹುಶಃ ಕಣ್ಣೊರೆಸಿಕೊಂಡೇ ಕೊಡುತ್ತಿದ್ದ. ಇಲ್ಲವೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದಿತ್ತು. ಆದರೆ ಸಂಜೆ ಗೇಟಿನಲ್ಲಿ ಹೆಂಗಸರೆಲ್ಲ ಸೆರಗು ಬಿಚ್ಚಿ, ಸೊಂಟ ಜಾಡಿಸಿ ತೋರಿಸಿ ಹೋಗಬೇಕು, ಉದ್ದನೆಯ ಕೂದಲು ಕದ್ದೊಯ್ದು ಬೇರೆಡೆ ಮಾರುವವರಿದ್ದರು. ಸಿಕ್ಕರೆ ಕಳ್ಳಿ ಎನ್ನಿಸಿಕೊಳ್ಳುವುದು, ತಂಗಿಯ ಜಿಯಾರತ್ತಿನ ದಿನ. ಇಷ್ಟೂ ಕಾರಣಗಳನ್ನು ನಾಲ್ಕು ವರ್ಷ ಅವಳು ತನಗೆ ತಾನೇ ಹೇಳಿಕೊಂಡಿದ್ದಳು, ಇಷ್ಟೂ ನಿಜವಾಗಿದ್ದವು. ಇವುಗಳ ಅಡಿಯಲ್ಲಿದ್ದ ಇನ್ನೊಂದನ್ನು ಮಾತ್ರ ಮುಟ್ಟಲು ಹೋಗುತ್ತಿರಲಿಲ್ಲ. ಆ ಗಳಿಗೆಯಲ್ಲಿ, ಅಷ್ಟು ಮಂದಿಯ ಎದುರಿಗೆ, ಹುಟ್ಟಿದಾಗಿನಿಂದ ಯಾರೂ ಆಡದ ಮಾತನ್ನು ಸಾವುಕಾರ ಆಡಿದಾಗ, ಅವಳಿಗೆ ಹಿತವಾಗಿತ್ತು. ತಂಗಿಯ ಕೂದಲು ಮುಷ್ಟಿಯಲ್ಲಿರುವಾಗಲೇ ಹಿತವಾಗಿತ್ತು. ಮುಷ್ಟಿ ಬಿಚ್ಚಿ ಸುರುಳಿಯನ್ನು ಮಿಕ್ಕವುಗಳ ಜೊತೆ ಇಟ್ಟು, ಬುಡ ಸರಿಮಾಡಿ, ಮುಂದಿನದಕ್ಕೆ ಕೈಹಾಕಿದ್ದಳು. ವಾರದಲ್ಲಿ ಅವಳನ್ನು ಮೇಲ್ವಿಚಾರಕಿ ಮಾಡಿದರು. ಗೇಟಿನಲ್ಲಿ ನಿಂತು ಹೆಂಗಸರ ಸೊಂಟ ನೋಡುವ ಕೆಲಸವೂ ಅಂದಿನಿಂದ ಅವಳದೇ ಆಯಿತು.

"ಖಾಲಾ," ಎಂದಳು ಉಜ್ಮಾ. "ಅವತ್ತು ನೀವು ದರ್ಗಾಕ್ಕ ಹೋಗಿದ್ರಿ ಅಲ್ಲ?"

ನಾಹೀದಾ ಬಟ್ಟೆ ಹಿಂಡಿದಳು. ಹಿಂಡಿದ್ದನ್ನು ಮತ್ತೆ ಹಿಂಡಿದಳು. ಈಗ ಹೇಳಬಹುದು. ಕೆಲಸಕ್ಕೆಂದು ಹೋಗಿರಲಿಲ್ಲ ಬೇಟಾ, ನಿಮ್ಮಮ್ಮಿಯದೊಂದು ನನ್ನ ಕೈಯಿಂದ ಕಳೆದಿತ್ತು, ಅದನ್ನು ಹುಡುಕಲು ಹೋಗಿದ್ದೆ, ಅದು ಸಿಕ್ಕಿತ್ತು. ಸಿಕ್ಕಿತ್ತು ಎಂದರೆ ಅದರ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಇವಳ ತಾಯಿಯ ತಲೆಗೂದಲು ಯಾವ ದೇಶದ ಯಾವ ಹೆಂಗಸಿನ ತಲೆಯ ಮೇಲಿದೆಯೋ, ಯಾವ ಕಸದ ಬುಟ್ಟಿಯಲ್ಲಿದೆಯೋ ಎಂಬುದನ್ನು ಈ ಹುಡುಗಿ ಹೊತ್ತುಕೊಂಡು ನಾಳೆ ಕಾಲೇಜಿಗೆ ಹೋಗಬೇಕು. ಅದರ ಮುಂದೆ, ಖಾಲಾ ಕಲ್ಲೆದೆಯವಳು ಎಂದುಕೊಳ್ಳುವುದು ಬಹಳ ಸಣ್ಣ ಭಾರ.

"ಕೆಲಸ ಇತ್ತು," ಎಂದಳು. "ಹೋಗಲಿಲ್ಲಂದ್ರ ಬಿಡಿಸ್ತಿದ್ರು."

ಉಜ್ಮಾ ಫೋನನ್ನು ಮಡಿಲಲ್ಲಿ ಬೋರಲು ಇಟ್ಟಳು. ಹೊರಗೆ ಓಣಿಯಲ್ಲಿ ಯಾರೋ ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದರು.

"ನೀವು ನನಗ ಸಕ್ಕರಿ ತಂದುಕೊಟ್ಟಿದ್ರಿ. ದರ್ಗಾದ್ದು, ಅಮ್ಮಿ ಹೆಸರಿಲೆ ಓದಿಸಿದ್ದು ಅಂತ ಹೇಳಿ."

ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಯ ಸಕ್ಕರೆ, ಕಾಗದದಲ್ಲಿ ಕಟ್ಟಿಸಿದ್ದು. ಅದನ್ನು ಕಟ್ಟಿಸಿದ್ದನ್ನೇ ನಾಹೀದಾ ಮರೆತಿದ್ದಳು.

"ನಾ ಅದನ್ನ ತಿಂದಿರಲಿಲ್ಲ ಖಾಲಾ. ಡಬ್ಬ್ಯಾಗ ಇಟ್ಟಿದ್ದೆ. ಭಾಳ ದಿನ ಇಟ್ಟಿದ್ದೆ. ಮಳಿಗಾಲದಾಗ ನೀರೊಡೀತು." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಸಂಗತಿ ಹೇಳುವವಳಂತೆ ಹೇಳಿ, ಮತ್ತೆ ಫೋನಿಗೆ ಬಗ್ಗಿದಳು. "ಇದನ್ನ ತೋರಿಸಬೇಕೋ ಬ್ಯಾಡೋ ಅಂತ ಕೇಳತೈತಿ."

"ಬ್ಯಾಡ. ತಗಿ ಅದನ್ನ."

"ಯಾಕ ತಗೀಬೇಕು? ಖರೇನ ಐತಲ್ಲ." ಮೇಲೆ ನೋಡಿದಳು. ಜರೀನಾಳ ಗದ್ದ. "ಇದನ್ನ ಓದಿದ್ರ ಯಾರಾದ್ರೂ ಕೆಲಸ ಕೊಡ್ತಾರ. ನಿಮಗ ಕೆಲಸ ಬೇಕಲ್ಲ?"

ಬೆರಳು ಒಂದು ಸಲ ಒತ್ತಿತು. ಫೋನು ಸಣ್ಣಗೆ ಸದ್ದು ಮಾಡಿತು. "ಸೂಪರ್‌ವೈಸರ್ ಆದ ತಿಂಗಳನ್ನೂ ಸರಿ ಮಾಡೀನಿ," ಎಂದಳು ಉಜ್ಮಾ ಏಳುತ್ತ. "ದೀಪಾವಳಿ ಅಲ್ಲ, ಅಮ್ಮಿ ಹ್ವಾದ ತಿಂಗಳು. ಸುಳ್ಳು ಹಾಕಬಾರದು ಅಂದಿದ್ರಿ."

ಬೆಳಿಗ್ಗೆ ಹುಡುಗಿ ಎಂದಿನಂತೆ ಹಿತ್ತಲ ಬಾಗಿಲಲ್ಲಿ ಕೂತು ತಲೆ ಬಾಚಿಕೊಂಡಳು. ಬಾಚಿ ಮುಗಿಸಿ ಬಾಚಣಿಗೆಯ ಕೂದಲನ್ನು ಉಂಡೆ ಮಾಡಿ ಖಾಲಾನ ಕೈಗಿಡುವುದು, ನಾಹೀದಾ ಅದನ್ನು ಕರಿಬೇವಿನ ಬುಡದಲ್ಲಿ ಹೂತು ಬರುವುದು ಜರೀನಾ ಸತ್ತ ಮೇಲಿನ ರೂಢಿ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ನಾಹೀದಾ ರೊಟ್ಟಿಯ ಹಿಟ್ಟಿನ ಕೈ ತೊಳೆದು, ಒರೆಸಿಕೊಂಡು, ಎಂದಿನಂತೆ ಅಂಗೈ ಚಾಚಿ ನಿಂತಳು. ಉಜ್ಮಾ ಅವಳ ಪಕ್ಕದಿಂದ ಹಾದು, ಒಲೆಯ ಹತ್ತಿರದ ಚಮಚ ತೆಗೆದುಕೊಂಡು ಹಿತ್ತಲಿಗೆ ಇಳಿದಳು. ಬಗ್ಗಿ ಕೂತು ಮಣ್ಣು ತೆಗೆದಳು. ಸರಿಯಾಗಿ, ಬೇಕಾದಷ್ಟು ಆಳಕ್ಕೆ, ಅಜ್ಜಿ ಕಲಿಸಿದ ಹಾಗೆ.

ಅಂಗೈ ಚಾಚಿದ್ದು ಚಾಚಿದಂತೆಯೇ ಇತ್ತು. ಬಾಚಣಿಗೆಯ ಹಲ್ಲಿನಲ್ಲಿ ಒಂದೇ ಒಂದು ಉದ್ದನೆಯ ಎಳೆ ಉಳಿದಿತ್ತು. ನಾಹೀದಾ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬೇಟಾ, ಇದೊಂದು ಉಳಿದೈತಿ."

ಉಜ್ಮಾ ಕೈಯ ಮಣ್ಣು ಜಾಡಿಸುತ್ತ ತಿರುಗಿ ನೋಡದೆಯೇ ಹೇಳಿದಳು: "ನಿಮ್ಮ ಕಡೇನ ಇರಲಿ ಖಾಲಾ. ಬಸ್ಸಿನ ಹೊತ್ತಾತು."

ಮಧ್ಯಾಹ್ನಕ್ಕೆ ಹೈದರಾಬಾದಿನ ಮೇಡಂ ಫೋನು ಮಾಡಿದಳು. ಮೇಲಿನವರು ಓದಿ ಮೆಚ್ಚಿದ್ದಾರೆ, ನಿಮ್ಮ ಮಾಲೀಕರು ಬರೆದದ್ದನ್ನು ಸಭೆಯಲ್ಲಿ ಎಲ್ಲರಿಗೂ ಓದಿ ತೋರಿಸಿದೆ, ಇಂಥವರೇ ನಮಗೆ ಬೇಕು ಎಂದರು, ಯುಗಾದಿ ಮುಗಿದ ಮೇಲೆ ಬಂದುಬಿಡಿ ಎಂದಳು. ನಾಹೀದಾ, "ಆತ್ರಿ ಮೇಡಂ," ಎಂದಳು. ಆ ಮಾತು ಶೆಡ್ಡಿನಲ್ಲೆಲ್ಲ ಹರಡಿ ಹೆಂಗಸರು ಸಕ್ಕರೆ ಹಂಚು ಎಂದು ಗಲಾಟೆ ಮಾಡಿದರು. ಸಂಜೆ ಗೇಟಿನಲ್ಲಿ ಅವಳು ನಿಂತಳು. ಒಬ್ಬೊಬ್ಬರೇ ಬಂದು ಸೆರಗು ಬಿಡಿಸಿ, ಸೊಂಟ ಜಾಡಿಸಿ, ಎರಡೂ ಕೈ ತೋರಿಸಿ ದಾಟುತ್ತಿದ್ದರು. ಕಡೆಯವಳಾಗಿ ಶೇಖರಮ್ಮ ಬಂದು, ಸೀರೆಯ ಗಂಟನ್ನೇ ಎಳೆದು ಜಾಡಿಸಿ, "ಏನೂ ಇಲ್ಲವಾ, ಬರೇ ಎಲುಬು," ಎಂದಳು. ದಾಟಿಹೋದವಳು ನಿಂತು, ಹುಬ್ಬು ಕುಣಿಸಿ, "ಅಲ್ಲ ನಾಹೀದವ್ವಾ, ಇಷ್ಟು ವರ್ಷ ನಿಂದು ಯಾರ ನೋಡ್ಯಾರ?" ಎಂದು ನಗುತ್ತ ಬಿಸಿಲಿಗೆ ಇಳಿದುಹೋದಳು.

ನಾಹೀದಾಳ ಸೊಂಟದಲ್ಲಿ, ಎರಡು ಬೆರಳಿಗೆ ಸುತ್ತಿ ಸಿಕ್ಕಿಸಿದ ಒಂದೆಳೆ ಇತ್ತು. ಯಾವಾಗ ಸುತ್ತಿದೆನೆಂದು ಅವಳಿಗೆ ನೆನಪಾಗಲಿಲ್ಲ. ಅವಳು ಗೇಟು ಎಳೆದು ಬೀಗ ಹಾಕಿದಳು.